ಗೊತ್ತಾಗವಲ್ದು ಎಂಬ ಮೂರನೆಯ ಉತ್ತರ

ನನ್ನ ಬಲತೋಳು ಎಡತೋಳಿಗಿಂತ ದಪ್ಪ. ಜಂಪರು ಹೊಲಿಯಲು ಕೊಡುವಾಗ ಬಲತೋಳನ್ನು ಒಂದು ಬೆರಳು ಸಡಿಲ ಬಿಡಪ್ಪಾ ಎಂದು ಪ್ರತಿ ಸಲವೂ ಹೇಳಬೇಕು. ಟೇಲರ್ ಹೊಸಬನಾದರೆ ಯಾಕೆ ಎಂದು ಕೇಳುತ್ತಾನೆ. ಇಪ್ಪತ್ತು ವರ್ಷದಿಂದ ಎಮ್ಮೆ ಆಕಳುಗಳ ಹಿಂದೆ ಕೈ ಹಾಕಿ ಹಾಕಿ ಹೀಗಾಗಿದೆ ಎಂದರೆ ಅವನ ಟೇಪು ನನ್ನ ತೋಳಿನಿಂದ ಒಂದು ಗೇಣು ಹಿಂದೆ ಸರಿಯುತ್ತದೆ. ಸರಿಯಲಿ ಬಿಡಿ. ಆ ತೋಳಿನ ಬಗ್ಗೆ ನನಗಿರುವಷ್ಟು ಹೆಮ್ಮೆ ನನ್ನ ಕಿವಿಯ ಬೆಂಡೋಲೆಯ ಬಗ್ಗೆಯೂ ಇಲ್ಲ.

ನಾನು ಸರಕಾರಿ ದನದ ಆಸ್ಪತ್ರೆಯಲ್ಲಿ ಪರೀಕ್ಷಕಿ. ಡಾಕ್ಟರಲ್ಲ. ಹಳ್ಳಿಯವರು ಡಾಕ್ಟರ್‌ಬಾಯಿ ಎಂದು ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ತಿದ್ದಿ ತಿದ್ದಿ ಸಾಕಾಗಿದೆ. ಲಸಿಕೆ ಹಾಕುವುದು, ಬೆದೆಗೆ ಬಂದ ಎಮ್ಮೆಗೆ ಬೀಜ ಕೊಡುವುದು, ಆಮೇಲೆ ಗಬ್ಬ ನಿಂತಿದೆಯೋ ಇಲ್ಲವೋ ನೋಡಿ ಹೇಳುವುದು ನನ್ನ ಕೆಲಸ. ಈ ಕೊನೆಯದೇ ಕಷ್ಟದ್ದು. ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸು ಏರಿಸಿ, ಸೋಪಿನ ನೀರು ಸವರಿ, ಎಮ್ಮೆಯ ಹಿಂದಿನಿಂದ ತೋಳು ಪೂರಾ ಒಳಗಿಳಿಸಿ, ಕರುಳಿನ ಗೋಡೆಯ ಈಚೆಯಿಂದ ಆಚೆಗಿನ ಗರ್ಭಕೋಶವನ್ನು ಬೆರಳಿನಿಂದ ಹುಡುಕಬೇಕು. ಅಲ್ಲಿ ಕಣ್ಣಿಗೆ ಏನೂ ಕೆಲಸವಿಲ್ಲ. ಗರ್ಭಕೋಶಕ್ಕೆ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಕೊಂಬುಗಳಿರುತ್ತವೆ. ಎರಡನ್ನೂ ಹಿಡಿದು ನೋಡಬೇಕು. ಗಬ್ಬ ನಿಂತಿದ್ದರೆ ಒಂದು ಕೊಂಬು ಇನ್ನೊಂದಕ್ಕಿಂತ ತುಂಬಿರುತ್ತದೆ, ಒಳಗೆ ನೀರು ತುಳುಕಿದ ಹಾಗೆ ಬೆರಳಿಗೆ ತಿಳಿಯುತ್ತದೆ. ಮೂರು ತಿಂಗಳಾಗಿದ್ದರೆ ಕಲಿತ ಕೈ ತಪ್ಪುವುದಿಲ್ಲ. ಎರಡು ತಿಂಗಳಲ್ಲಿ ಎಂಥ ಕೈಯೂ ಒಮ್ಮೊಮ್ಮೆ ತಪ್ಪುತ್ತದೆ.

ಕಲಿತದ್ದು ಮುದ್ದೇಬಿಹಾಳ ತಾಲೂಕಿನಲ್ಲಿ, ನನ್ನ ಮೊದಲ ನೇಮಕದ ಊರಲ್ಲಿ. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಪರೀಕ್ಷಕರೊಬ್ಬರು ಅಲ್ಲಿದ್ದರು. ತಲೆಗೆ ಟವೆಲು ಸುತ್ತಿಕೊಂಡು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಎಮ್ಮೆ ನೋಡುತ್ತಿದ್ದರು. ಹೆಣ್ಣುಮಗಳು ಬಂದಳೆಂದು ಮೊದಲ ವಾರ ನನಗೆ ರಿಜಿಸ್ಟರು ಬರೆಯಲು ಕೊಟ್ಟರು. ಎರಡನೆಯ ವಾರ ನಾನು ಜಗಳ ತೆಗೆದೆ. ಬರೆಯುವುದಕ್ಕೆ ನಾನು ಟ್ರೇನಿಂಗ್ ಮಾಡಿ ಬಂದಿಲ್ಲ ಎಂದೆ. ಅವರು ಎಲೆ ಉಗುಳಿ ಬಂದು, ಹಾಗಾದರೆ ಬಾ ಎಂದು ಎಮ್ಮೆಯ ಹಿಂದೆ ನಿಲ್ಲಿಸಿದರು. ಎಮ್ಮೆ ನನ್ನ ಮೇಲೆಲ್ಲ ಸೆಗಣಿ ಹಾಕಿತು. ಸುತ್ತ ನಿಂತವರು ನಕ್ಕರು. ನಾನು ಕೈ ತೆಗೆಯಲಿಲ್ಲ. ಅವತ್ತಿನಿಂದ ಅವರು ನನಗೆ ಗುರು.

ಆರು ತಿಂಗಳ ಮೇಲೆ ಒಂದು ದಿನ, ಮನೆಗೆ ಹೊರಟವರು ಗೇಟಿನಲ್ಲಿ ನಿಂತು ಒಂದು ಮಾತು ಹೇಳಿದರು.

“ಉತ್ತರ ಮೂರ ಅದಾವು ತಂಗಿ. ಐತಿ, ಇಲ್ಲ, ಗೊತ್ತಾಗವಲ್ದು. ಮೊದಲಿನ ಎರಡು ನಿನ್ನ ಕೈ ಹೇಳ್ತೈತಿ. ಮೂರನೇದು ನೀನ ಹೇಳಬೇಕು.”

ಅದರಲ್ಲೇನು ದೊಡ್ಡದಿದೆ ಎಂದು ಆಗ ಅನ್ನಿಸಿತ್ತು. ಗೊತ್ತಿಲ್ಲ ಎನ್ನುವುದಕ್ಕೆ ಯಾವ ವಿದ್ಯೆ ಬೇಕು? ಚಿಕ್ಕ ವಯಸ್ಸು, ಕೊಬ್ಬು ಬೇರೆ. ನಾನು ಹೂಂ ಎಂದು ಸೈಕಲ್ ಹತ್ತಿದೆ.

ಆ ನೌಕರಿಯಿಂದಾಗಿ ನನ್ನ ಮದುವೆಯೂ ಒಂದು ತಮಾಷೆಯಾಯಿತು. ನೋಡಲು ಬಂದ ಮೊದಲ ಬೀಗರು, ದನದ ಡಾಕ್ಟರ್ ಎಂದರೆ ಕುರ್ಚಿಯಲ್ಲಿ ಕೂತು ಚೀಟಿ ಬರೆಯುವ ಕೆಲಸವೆಂದು ತಿಳಿದಿದ್ದರು. ಹುಡುಗನ ತಾಯಿ ಕೇಳಿದಳು, ಮುಟ್ಟಬೇಕಾಗುತ್ತದೆಯೇ ಎಂದು. ನಾನು ಭುಜ ತೋರಿಸಿ, ಇಲ್ಲಿಯವರೆಗೆ ಎಂದೆ. ಅವ್ವ ಒಳಗಿನಿಂದ ಕಣ್ಣು ಬಿಟ್ಟಳು. ಬೀಗರು ಸೂಸಲದ ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದರು. ಎರಡನೆಯ ಸಲ ಬಂದವರು ಈಗಿನ ನಮ್ಮ ಮನೆಯವರು, ಸಾಲಿ ಮಾಸ್ತರರು. ಅವರೂ ಅದನ್ನೇ ಕೇಳಿದರು, ನಾನೂ ಅದನ್ನೇ ತೋರಿಸಿದೆ. ರೊಟ್ಟಿ ಬಡಿಯುವುದು ಯಾವ ಕೈಯಿಂದ ಎಂದರು. ಎರಡೂ ಕೈಯಿಂದ ಎಂದೆ. ಹಾಗಾದರೆ ತೊಳೆದುಕೊಂಡು ಬಡಿ ಎಂದು ಜೋರಾಗಿ ನಕ್ಕರು. ಆ ನಗುವಿಗೇ ನಾನು ಒಪ್ಪಿದ್ದು.

ಬಸವನ ಬಾಗೇವಾಡಿ ತಾಲೂಕಿನಲ್ಲಿ ಐದು ವರ್ಷ ಇದ್ದೆ. ಮುಳವಾಡದ ಕಡೆ ಕಾಲುವೆಗೆ ನೀರು ಬಂದ ಮೇಲೆ ಹಸಿ ಮೇವು ಬಂತು, ಮೇವಿನ ಹಿಂದೆ ಎಮ್ಮೆಗಳು ಬಂದವು, ಎಮ್ಮೆಯ ಹಿಂದೆ ನಾನು. ಒಂದೊಂದು ದಿನ ಹನ್ನೆರಡು, ಹದಿನೈದು ಎಮ್ಮೆ ನೋಡುತ್ತಿದ್ದೆ. ಊಟಕ್ಕೆ ಕೂತಾಗ ತೋಳು ನಡುಗುತ್ತಿತ್ತು. ನನ್ನ ಮಾತು ತಪ್ಪುತ್ತಿರಲಿಲ್ಲ. ಡಾಕ್ಟರ್‌ಬಾಯಿ ಐತಿ ಎಂದರೆ ಐತಿ, ಇಲ್ಲ ಎಂದರೆ ಇಲ್ಲ ಎಂದು ಊರಿಂದ ಊರಿಗೆ ಸುದ್ದಿಯಾಯಿತು. ಡಾಕ್ಟರರು ಖುದ್ದು ಬಂದು ನಿಂತಿದ್ದರೂ, ಒಮ್ಮೆ ಬಾಯಾರು ನೋಡಲಿ ಎನ್ನುತ್ತಿದ್ದರು. ಸುಳ್ಳೇಕೆ ಹೇಳಲಿ, ತಲೆ ತಿರುಗಿತ್ತು. ಮೂರನೆಯ ಉತ್ತರವನ್ನು ನಾನು ಕೊಟ್ಟು ಎಷ್ಟೋ ದಿನವಾಗಿತ್ತು.

ಅಲ್ಲಿಂದ ಇಂಡಿಗೆ ವರ್ಗವಾಯಿತು. ಲಚ್ಯಾಣದ ಕಡೆಯ ಒಂದಷ್ಟು ಹಳ್ಳಿಗಳು ನನ್ನ ಪಾಲಿಗೆ ಬಂದವು. ಅಲ್ಲಿಯ ಒಂದು ಹಳ್ಳಿಯಲ್ಲಿ ನನಗಿಂತ ಹತ್ತು ವರ್ಷ ಹಿರಿಯಳಾದ ಒಬ್ಬ ಅಕ್ಕ ಇದ್ದಳು. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಲ ಎನ್ನುವುದು ಕಲ್ಲು ಮಡ್ಡಿಯಲ್ಲಿ ಒಂದು ತುಂಡು. ಇದ್ದದ್ದು ಒಂದೇ ಎಮ್ಮೆ. ಅದರ ಹಾಲನ್ನು ಬಸ್‌ಸ್ಟ್ಯಾಂಡಿನ ಚಹಾದ ಹೊಟೇಲಿಗೆ ಹಾಕಿ ಅವಳ ಮನೆ ನಡೆಯುತ್ತಿತ್ತು. ಯಾರ ಮನೆಯ ಬಾಗಿಲಿಗೂ ಹೋಗಿ ನಿಂತವಳಲ್ಲ. ಮಾತು ಕಡಿಮೆ, ಆದರೆ ಆಡಿದ ಮಾತು ಬಡಿಗೆಯಿಂದ ಹೊಡೆದ ಹಾಗೆ. ಅದಕ್ಕೇ ನನಗೆ ಅವಳೆಂದರೆ ಪ್ರೀತಿ.

ಆ ಎಮ್ಮೆಯ ಹಾಲು ಬತ್ತಿತ್ತು. ಎರಡು ಸಲ ಬೀಜ ಕೊಟ್ಟರೂ ನಿಂತಿರಲಿಲ್ಲ. ಮೂರನೆಯ ಸಲ ನಾನೇ ಕೊಟ್ಟು ಎರಡು ತಿಂಗಳಾಗಿತ್ತು. ಅವಳ ಮುಂದೆ ಎರಡೇ ದಾರಿ ಇದ್ದವು. ಗಬ್ಬ ಇದ್ದರೆ ಇಟ್ಟುಕೊಂಡು ಹೇಗೋ ಬೇಸಿಗೆ ದಾಟಿಸುವುದು. ಇಲ್ಲದಿದ್ದರೆ ಎಮ್ಮೆ ಮೈ ತುಂಬಿಕೊಂಡಿರುವಾಗಲೇ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಬಂದದ್ದರಲ್ಲಿ ಬೇರೆ ಎಮ್ಮೆ ತರುವುದು. ಮೇವಿನ ಬಣವೆ ಆಗಲೇ ಅರ್ಧಕ್ಕೆ ಬಂದಿತ್ತು. ಸಂತೆ ಮರುದಿನವೇ ಇತ್ತು. ನಾನು ಏನು ಹೇಳುತ್ತೇನೋ ಅದರ ಮೇಲೆ ಅವಳ ವರ್ಷ ನಿಂತಿತ್ತು.

ಬೇವಿನ ಗಿಡದ ಕೆಳಗೆ ಎಮ್ಮೆ ಕಟ್ಟಿದ್ದಳು. ಎಮ್ಮೆ ನೋಡುವುದೆಂದರೆ ನಮ್ಮ ಕಡೆ ನಾಲ್ಕು ಜನ ಕಟ್ಟೆಯ ಮೇಲಿಂದ ಎದ್ದು ಬರಬೇಕು, ಬಂದು ತಲೆಗೊಂದು ಮಾತಾಡಬೇಕು. ಅವತ್ತೂ ಬಂದರು. ಜೊತೆಗೆ ಒಬ್ಬ ದನದ ದಲ್ಲಾಳಿಯೂ ಇದ್ದ. ಆ ಎಮ್ಮೆಯ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಹೆಗಲ ಮೇಲೆ ಟವೆಲು, ಜೇಬಿನಲ್ಲಿ ಎರಡು ಫೋನು.

ಕೈ ಒಳಗಿಳಿಸಿದೆ. ಎಮ್ಮೆ ಅವತ್ತು ಯಾಕೋ ಬಿರುಸಾಗಿತ್ತು, ತಿಣುಕುತ್ತಿತ್ತು, ನನ್ನ ತೋಳನ್ನು ಹಿಂಡಿ ಹೊರಗೆ ತಳ್ಳುತ್ತಿತ್ತು. ಎಡಗಡೆಯ ಕೊಂಬು ಸಿಕ್ಕಿತು, ಸಣ್ಣಗೆ, ಬರಿದು. ಬಲಗಡೆಯದಕ್ಕೆ ಬೆರಳು ಚಾಚಿದೆ. ಎಮ್ಮೆ ಮತ್ತೆ ತಿಣುಕಿತು. ಬೆರಳ ತುದಿಗೆ ಏನೋ ಸೋಕಿದಂತಾಗಿ ಜಾರಿತು. ಕೈ ತೆಗೆದು, ಐದು ನಿಮಿಷ ಎಮ್ಮೆಯನ್ನು ಸುಮ್ಮನೆ ಬಿಟ್ಟು, ಮತ್ತೊಮ್ಮೆ ನೋಡಬೇಕಿತ್ತು. ಅಷ್ಟರಲ್ಲಿ ದಲ್ಲಾಳಿ ನಕ್ಕ.

“ಯಾಕ್ರಿ ಬಾಯಾರ, ಗೊತ್ತಾಗವಲ್ದೇನು? ಬಾಗೇವಾಡಿ ಕಡಿ ಭಾಳ ಹೆಸರು ನಿಮ್ದು ಅಂತಿದ್ರಲ್ಲ.”

ನಾಲ್ಕು ಜನರೂ ನನ್ನ ಮುಖ ನೋಡಿದರು. ನನಗೆ ರೇಗಿತು. ನೆತ್ತಿಗೆ ಏರಿದ ಆ ಸಿಟ್ಟಿನಲ್ಲಿ ಕೈ ಹೊರಗೆಳೆದು, ಗ್ಲೌಸು ಕಳಚಿ ಎಸೆದು, ಇಲ್ಲ ಎಂದೆ. ಗಬ್ಬ ಇಲ್ಲ, ಖಾಲಿ ಇದೆ ಎಂದು ಇನ್ನೊಮ್ಮೆ ಒತ್ತಿ ಹೇಳಿದೆ. ಅಕ್ಕ ತಲೆಯಾಡಿಸಿ ನನಗೆ ಕೈ ತೊಳೆಯಲು ತಂಬಿಗೆಯಲ್ಲಿ ನೀರು ತಂದಳು. ನಾಳೆ ಸಂತೆಗೆ ಒಯ್ಯುತ್ತೇನೆ ಎಂದಳು. ನಾನು ಇನ್ನೊಂದು ಊರಿಗೆ ಹೋಗಬೇಕಿತ್ತು, ಹೊರಟೆ.

ಸಂಜೆ ಇಂಡಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಲಿಂಬೆಯ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಬಲಗೈ ತೊಡೆಯ ಮೇಲಿತ್ತು, ಬೆರಳುಗಳು ತಮ್ಮಷ್ಟಕ್ಕೆ ತಾವೇ ಆಡತೊಡಗಿದವು. ಎಡಗಡೆಯದು ಸಿಕ್ಕಿತ್ತು, ಹೌದು. ಬಲಗಡೆಯದು? ನಾನು ಬಲಗಡೆಯ ಕೊಂಬನ್ನು ಹಿಡಿದೇ ಇರಲಿಲ್ಲ. ತುದಿಗೆ ಸೋಕಿದ್ದು ಅದೋ, ಕರುಳೋ, ಸೆಗಣಿಯ ಗಟ್ಟಿಯೋ ನನಗೆ ತಿಳಿದಿರಲಿಲ್ಲ. ಅರ್ಧ ನೋಡಿ ಪೂರಾ ಹೇಳಿದ್ದೆ.

ಇದು ತಪ್ಪು ಲೆಕ್ಕವಲ್ಲ, ಸುಳ್ಳು ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ಎಲ್ಲರಿಂದಲೂ ಆಗುತ್ತದೆ. ಬೆರಳು ಮೋಸ ಹೋಗುತ್ತದೆ, ಎಮ್ಮೆ ಮೋಸ ಮಾಡುತ್ತದೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದದ್ದು ಕೈಯಲ್ಲ, ಬಾಯಿ. ಎಮ್ಮೆ ನಿಜಕ್ಕೂ ಖಾಲಿಯೇ ಇರಬಹುದಿತ್ತು, ನನ್ನ ಮಾತು ನಿಜವೇ ಆಗಬಹುದಿತ್ತು. ಆದರೂ ಅದು ಸುಳ್ಳೇ. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತೇನೆ, ಅವತ್ತು ಬಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳಲು ಇಂಡಿ ಬರುವವರೆಗೂ ಹೆಣಗಿದ್ದೆ.

ಮನೆಗೆ ಬಂದು ಅಕ್ಕನಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಅವಳು ಆ ಫೋನನ್ನು ವಾರಕ್ಕೊಮ್ಮೆ ಚಾರ್ಜ್ ಮಾಡುವವಳು. ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯವರು, ನನ್ನ ಮುಖ ನೋಡಲಾರದೆ ಸಮಾಧಾನ ಹೇಳಿದರು. ಎಮ್ಮೆ ನಾಳೆ ಮಾರಾಟವಾಗಿ ಎಲ್ಲಿಗೋ ಹೋಗುತ್ತದೆ, ಗಬ್ಬವಿದ್ದರೂ ಯಾರಿಗೆ ತಿಳಿಯುತ್ತದೆ, ನಿನ್ನ ಹೆಸರಿಗೇನೂ ಆಗುವುದಿಲ್ಲ ಎಂದರು. ಆ ಮಾತೇ ನನ್ನನ್ನು ಎಬ್ಬಿಸಿದ್ದು. ಯಾರಿಗೂ ತಿಳಿಯುವುದಿಲ್ಲ ಎಂಬುದು ಖರೆಯೇ. ನನ್ನ ಕೆಲಸವೆಲ್ಲ ಯಾರಿಗೂ ಕಾಣದ ಜಾಗದಲ್ಲೇ ನಡೆಯುತ್ತದೆ. ಅಲ್ಲಿ ನನ್ನ ಕೈ ಏನು ಮುಟ್ಟಿತು, ಏನು ಮುಟ್ಟಲಿಲ್ಲ ಎಂಬುದಕ್ಕೆ ಸಾಕ್ಷಿ ನಾನೊಬ್ಬಳೇ. ಆ ಸಾಕ್ಷಿಯೇ ಬಾಯಿ ಮುಚ್ಚಿಕೊಂಡರೆ ಇನ್ನೇನು ಉಳಿಯಿತು ಎಂದು ಅವರ ಮೇಲೆ ಹರಿಹಾಯ್ದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿ ಸಿಂದಗಿಯ ಬಸ್ಸು ಹತ್ತಿದೆ. ಸಿಂದಗಿಯಲ್ಲಿ ಇಳಿದು ಆಲಮೇಲದ ಕಡೆಯ ಬಸ್ಸಿಗೆ ಓಡಿದೆ. ಅಕ್ಕ ಎಮ್ಮೆ ಒಯ್ಯುವ ದನದ ಸಂತೆ ಕೂಡುವುದು ಆ ದಾರಿಯ ಮೇಲೆಯೇ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ. ಡ್ರೈವರು ಒಂದೊಂದನ್ನು ದಾಟುವಾಗಲೂ ನಾನು ಕಾಲು ನೆಲಕ್ಕೆ ಒತ್ತುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು, ಹೆರಿಗೆಗೆ ಹೊರಟೀಯೇನವ್ವಾ ಎಂದು ಕೇಳಿದಳು. ಹೆಚ್ಚೂಕಡಿಮೆ ಹೌದು ಎಂದೆ.

ನಮ್ಮ ಕಡೆ ದನ ಮಾರುವುದಕ್ಕೆ ಒಂದು ರೀತಿ ಇದೆ. ದಲ್ಲಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ಏನೇ ಮಾತಾಡಲಿ, ಎಷ್ಟೇ ಹೂಂ ಅನ್ನಿಸಿಕೊಳ್ಳಲಿ, ಮಾರುವವನು ತನ್ನ ಮನೆಯ ಹಗ್ಗವನ್ನು ದನದ ಕೊರಳಿನಿಂದ ಬಿಚ್ಚಿಕೊಂಡು, ಕೊಳ್ಳುವವನು ತಾನು ತಂದ ಹೊಸ ಹಗ್ಗ ಕಟ್ಟುವವರೆಗೆ ಮಾರಾಟ ಮುಗಿಯುವುದಿಲ್ಲ. ದನ ಕೊಡುತ್ತಾರೆ, ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಹೋದಳು ಎಂದು ನಂಬಿಕೆ. ಹಗ್ಗ ಬದಲಾದ ಮೇಲೆ ಮಾತ್ರ ಬ್ರಹ್ಮ ಬಂದರೂ ದನ ಹಿಂದಕ್ಕೆ ಬರುವುದಿಲ್ಲ, ಕೇಳುವುದೂ ಮರ್ಯಾದೆಯಲ್ಲ.

ಸಂತೆಯ ಧೂಳಿನಲ್ಲಿ ಅವಳನ್ನು ಹುಡುಕುವಷ್ಟರಲ್ಲಿ ಸೀರೆಯ ಅಂಚೆಲ್ಲ ಸೆಗಣಿಯಾಗಿತ್ತು. ಸಿಕ್ಕಳು. ಅದೇ ದಲ್ಲಾಳಿ ಎದುರಿಗಿದ್ದ, ಕೊಳ್ಳುವವನ ಕೈಯಲ್ಲಿ ಹಳದಿ ಬಣ್ಣದ ಹೊಸ ನೈಲಾನ್ ಹಗ್ಗ ಸುರುಳಿಯಾಗಿತ್ತು. ಅಕ್ಕ ಎಮ್ಮೆಯ ಕೊರಳಿಗೆ ಬಗ್ಗಿ ತನ್ನ ಹಗ್ಗದ ಗಂಟು ಬಿಚ್ಚುತ್ತಿದ್ದಳು. ಹಳೆಯ ಗಂಟು, ಬಿಗಿದುಕೊಂಡಿತ್ತು. ಅದು ಬಿಚ್ಚದೆ ಉಳಿದ ಆ ಎರಡು ನಿಮಿಷಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಸಂತೆಯಲ್ಲಿ ಹತ್ತಾರು ಜನರ ಮುಂದೆ ನಾನು ಸುಳ್ಳು ಹೇಳಿದೆ ಎಂದು ಹೇಳುವುದು ಎಷ್ಟು ಕಷ್ಟ ಎಂದು ಹೇಳಿದವರಿಗೇ ಗೊತ್ತು. ಅವಳ ಕೈ ಹಿಡಿದು ಬದಿಗೆ ಕರೆದೊಯ್ದು ಕಿವಿಯಲ್ಲಿ ಹೇಳಬಹುದಿತ್ತು. ಆದರೆ ಇಲ್ಲ ಎಂದದ್ದು ಎಲ್ಲರೆದುರು, ಇದನ್ನೂ ಎಲ್ಲರೆದುರೇ ಹೇಳಬೇಕು ಅನ್ನಿಸಿತು.

“ಅಕ್ಕಾ, ತಡಿ. ನಿನ್ನೆ ನಾ ಇಲ್ಲ ಅಂದೇನಿ. ಅರ್ಧಾನ ನೋಡಿದ್ದೆ. ಐತೋ ಇಲ್ಲೋ ನನಗ ಗೊತ್ತಿಲ್ಲ.”

ದಲ್ಲಾಳಿಯ ಮುಖ ಕೆಂಪಾಯಿತು. ಸೌದಾ ಮುರಿದುಹೋಗುತ್ತಿದೆ ಎಂದು ಅವನಿಗೆ ಸಿಟ್ಟು. ಇಲ್ಲೇ ಮತ್ತೊಮ್ಮೆ ನೋಡಿ ಹೇಳಿಬಿಡು ಎಂದ. ಆ ಗದ್ದಲದಲ್ಲಿ, ಟೆಂಪೊದಲ್ಲಿ ನಿಂತು ಬಂದು ಬೆದರಿದ ಎಮ್ಮೆಯಲ್ಲಿ, ಎರಡು ತಿಂಗಳ ಗಬ್ಬ ನೋಡಿದರೆ ನಾನು ಮತ್ತೆ ಅದೇ ತಪ್ಪು ಮಾಡುತ್ತಿದ್ದೆ. ಇನ್ನೊಂದು ತಿಂಗಳು ಬಿಟ್ಟರೆ ಮಾತ್ರ ಖಾತ್ರಿ ಹೇಳಬಲ್ಲೆ, ಇವತ್ತು ಹೇಳಲಾರೆ ಎಂದೆ. ಇಂಥ ಡಾಕ್ಟರ್‌ಬಾಯಿಯನ್ನು ಎಲ್ಲಿಂದ ಹಿಡಿದು ತಂದಿರಿ ಎಂದು ಯಾರೋ ನಕ್ಕರು. ಒಬ್ಬ ಮುದುಕ, ಹೆಣ್ಣುಮಕ್ಕಳ ಕೈಯಲ್ಲಿ ಇದನ್ನು ಕೊಟ್ಟದ್ದೇ ತಪ್ಪು ಎಂದ. ನಾನು ಯಾರಿಗೂ ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಇದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಅಕ್ಕ ಎದ್ದು ನಿಂತು ನನ್ನ ಕಣ್ಣನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ; ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬಗ್ಗಿ, ಅರ್ಧ ಸಡಿಲಿಸಿದ್ದ ಗಂಟನ್ನು ಮತ್ತೆ ಬಿಗಿದಳು. ಎಮ್ಮೆಯನ್ನು ಹಿಡಿದುಕೊಂಡು ಟೆಂಪೊಗಳು ನಿಂತಲ್ಲಿಗೆ ನಡೆದಳು.

ಆ ತಿಂಗಳು ಹೇಗೆ ಕಳೆಯಿತು ಎಂದು ಕೇಳಬೇಡಿ. ಬಿಸಿಲು ಏರುತ್ತಿತ್ತು. ಆ ಊರಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಅವಳ ಬಣವೆಯ ಮೇಲೆ ಬೀಳುತ್ತಿತ್ತು. ಹಾಲು ಹಿಂಡದ ಎಮ್ಮೆ ದಿನಾ ಜೋಳದ ಕಣಿಕೆ ತಿನ್ನುತ್ತಿತ್ತು, ಬಣವೆ ಸೊಂಟದ ಮಟ್ಟಕ್ಕೆ ಇಳಿದಿತ್ತು. ಅಕ್ಕ ಪರರ ಲಿಂಬೆಯ ತೋಟಕ್ಕೆ ಕಾಯಿ ಆರಿಸಲು ಹೋಗತೊಡಗಿದ್ದಳು. ಮೊದಲು ಹೋದವಳಲ್ಲ. ಗಬ್ಬ ಇರಲಿ ದೇವರೇ, ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಬೇಡಿಕೊಳ್ಳುತ್ತಿದ್ದೆ. ಅವಳಿಗಾಗಿ ಬೇಡುತ್ತಿದ್ದೆನೋ ನನ್ನ ಮುಖ ಉಳಿಯಲೆಂದು ಬೇಡುತ್ತಿದ್ದೆನೋ, ಎರಡೂ ಇತ್ತು.

ದಿನ ತುಂಬಿತು. ಬೆಳಗಿನ ತಂಪಿನಲ್ಲಿ ಹೋದೆ. ಕಟ್ಟೆಯವರು ಏಳುವ ಮೊದಲೇ ಕೈ ಒಳಗಿತ್ತು. ಎಮ್ಮೆ ಸುಮ್ಮನೆ ನಿಂತಿತ್ತು. ಎಡಗಡೆ ಸಿಕ್ಕಿತು. ಬಲಗಡೆ ಸಿಕ್ಕಿತು. ಎರಡನ್ನೂ ಬುಡದಿಂದ ತುದಿಯವರೆಗೆ ಹಿಡಿದು ನೋಡಿದೆ, ಬಿಟ್ಟು ಮತ್ತೆ ಹಿಡಿದು ನೋಡಿದೆ. ಎರಡೂ ಒಂದೇ ಸಮ, ಎರಡೂ ಖಾಲಿ.

ನನ್ನ ಸುಳ್ಳೇ ನಿಜವಾಗಿತ್ತು. ಅವತ್ತು ಸುಮ್ಮನಿದ್ದಿದ್ದರೆ ಅವಳ ಎಮ್ಮೆ ಒಳ್ಳೆಯ ಮೈಯಲ್ಲಿ ಮಾರಿ ಹೋಗಿರುತ್ತಿತ್ತು, ಬಣವೆ ಉಳಿಯುತ್ತಿತ್ತು, ಅವಳು ಕೂಲಿಗೆ ಹೋಗಬೇಕಿರಲಿಲ್ಲ. ನಾನು ಸತ್ಯ ಹೇಳಿ ಅವಳಿಗೆ ಒಂದು ತಿಂಗಳು ನಷ್ಟ ಮಾಡಿದ್ದೆ. ಗ್ಲೌಸು ಕಳಚುವಾಗ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಡಲಿಲ್ಲ.

“ಇಲ್ಲ ಅಕ್ಕಾ. ಎರಡೂ ಕಡಿ ನೋಡೇನಿ. ಈ ಸಲ ಖಾತ್ರಿ.”

ಮತ್ತೊಮ್ಮೆ ಬೀಜ ಕೊಡಬಹುದು, ಆದರೆ ನಿಲ್ಲುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದೆ. ಅವಳು ಎಮ್ಮೆಯ ಬೆನ್ನ ಮೇಲೆ ಕೈ ಆಡಿಸಿದಳು. ಆಮೇಲೆ, ಬರುವ ಸಂತೆಗೆ ಮಾರುತ್ತೇನೆ, ಅಲ್ಲೇ ಬೇರೆ ಎಮ್ಮೆ ನೋಡುತ್ತೇನೆ ಎಂದಳು. ಹೇಳಿ ಒಳಗೆ ಹೋದವಳು ಚಹಾದ ಬಟ್ಟಲು ಹಿಡಿದು ಬಂದಳು. ನೀನು ನನ್ನ ಸಂಗಡ ಬರಬೇಕು ಎಂದಳು. ಕೇಳಿದ್ದಲ್ಲ, ಹೇಳಿದ್ದು. ನಾನು ಬಟ್ಟಲು ಹಿಡಿದುಕೊಂಡು ಕೂತೆ. ಚಹಾದ ಮೇಲೆ ಕೆನೆ ಕಟ್ಟಿತು.

ಆ ಸಂತೆಯ ದಿನ ಎಮ್ಮೆ ಬೇಗ ಮಾರಿಹೋಯಿತು. ಮನೆಯಲ್ಲಿ ಕೋಣ ಇಟ್ಟಿದ್ದ ಒಬ್ಬ ರೈತ, ಬೀಜಕ್ಕೆ ನಿಲ್ಲದಿದ್ದರೂ ಕೋಣಕ್ಕೆ ನಿಲ್ಲಬಹುದು ಎಂದು ಒಯ್ದ. ಗಬ್ಬ ಇಲ್ಲ ಎಂದು ಅಕ್ಕ ಅವನಿಗೆ ಮೊದಲೇ ಹೇಳಿದಳು, ಮೂರು ಸಲ ಬೀಜ ಕೊಟ್ಟದ್ದನ್ನೂ ಹೇಳಿದಳು. ಹಾಗೆ ಹೇಳಿ ಮಾರುವವರು ಸಂತೆಯಲ್ಲಿ ಎಷ್ಟು ಜನ ಸಿಗುತ್ತಾರೆ? ಆಮೇಲೆ ಇಬ್ಬರೂ ಸಾಲು ಹಿಡಿದು ನಡೆದೆವು. ಈ ಸಲ ತರುವ ಎಮ್ಮೆ ತಪ್ಪಿದರೆ ಅವಳಿಗೆ ಇನ್ನೊಂದು ತರುವ ಶಕ್ತಿ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರು ಎಮ್ಮೆ ನೋಡಿದೆ. ಎರಡರಲ್ಲಿ ಗಬ್ಬ ಇರಲಿಲ್ಲ, ಇದೆ ಎಂದು ಮಾರುವವರು ಆಣೆ ಹಾಕಿದ್ದರು. ನಾಲ್ಕು ತಿಂಗಳು ಎಂದಿದ್ದ ಇನ್ನೊಂದರಲ್ಲಿ ಇತ್ತು, ಆದರೆ ಅದರ ಕೆಚ್ಚಲಿನ ಒಂದು ತೊಟ್ಟು ಗಟ್ಟಿಯಾಗಿತ್ತು. ಆಗ ಆ ದಲ್ಲಾಳಿ ಬಂದ. ಅವನ ಸಾಲಿನಲ್ಲಿ ಒಂದು ಎಮ್ಮೆ ಇತ್ತು, ಅಂಥ ಎಮ್ಮೆಯನ್ನು ನಾನು ವರ್ಷಕ್ಕೊಮ್ಮೆ ನೋಡಿದರೆ ಹೆಚ್ಚು. ಕರಿಯ ಹೊಳಪಿನ ಮೈ, ನಾಲ್ಕೂ ತೊಟ್ಟು ಸಮ, ಕಣ್ಣಲ್ಲಿ ಬೆದರಿಲ್ಲ. ಎರಡು ತಿಂಗಳ ಗಬ್ಬ ಎಂದ. ಅಕ್ಕನ ಕಣ್ಣು ಅದರ ಮೇಲೆ ನೆಟ್ಟಿತು. ಅವಳಿಗೆ ಅದು ಬೇಕಾಗಿತ್ತು, ನನಗೂ ಅವಳಿಗದು ಸಿಗಲಿ ಎಂದು ಆಸೆಯಾಗಿತ್ತು.

ನಿಧಾನಕ್ಕೆ ನೋಡಿದೆ. ಅವಸರ ಮಾಡಲಿಲ್ಲ, ಸುತ್ತ ಜನ ಸೇರಿದರೂ ತಲೆ ಎತ್ತಲಿಲ್ಲ. ಎರಡೂ ಕೊಂಬು ಕೈಗೆ ಸಿಕ್ಕವು. ಬಲಗಡೆಯದು ಒಂದು ಎಳೆಯಷ್ಟು ದಪ್ಪ ಅನ್ನಿಸಿತು. ಗಬ್ಬದ ದಪ್ಪವೋ, ಹಿಂದಿನ ಕರು ಹಾಕಿದ್ದರ ಉಳಿಕೆಯೋ ಬೆರಳು ಹೇಳಲಿಲ್ಲ. ಇನ್ನೊಮ್ಮೆ ಕೇಳಿದೆ. ಹೇಳಲಿಲ್ಲ. ಕೈ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಗೊತ್ತಾಗವಲ್ದು.”

ಅಕ್ಕ ಆ ಎಮ್ಮೆಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. ದಲ್ಲಾಳಿಗೆ ತಡೆಯಲಾಗಲಿಲ್ಲ. ಕೈ ಎತ್ತಿ ನನ್ನ ಕಡೆ ತೋರಿಸಿ, ಜನರಿಗೆ ಕೇಳುವ ಹಾಗೆ ದನಿ ಏರಿಸಿದ. ಈಕೆಯ ಮಾತು ಕೇಳಿ ನೀನು ಬಂದ ಸೌದಾ ಬಿಟ್ಟೆ, ತಿಂಗಳು ಮೇವು ಸುಟ್ಟೆ, ಎಮ್ಮೆ ಕೊನೆಗೂ ಖಾಲಿಯೇ ಇತ್ತು, ಇಷ್ಟಾದ ಮೇಲೂ ಇದೇ ಡಾಕ್ಟರ್‌ಬಾಯಿಯನ್ನು ಕಟ್ಟಿಕೊಂಡು ಬಂದೀಯಲ್ಲ, ನಿನ್ನ ತಲೆ ನೆಟ್ಟಗಿದೆಯೇ ಎಂದು ಅಕ್ಕನನ್ನು ಕೇಳಿದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ತಲೆ ತಗ್ಗಿಸಿ ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಕಳಚುತ್ತಿದ್ದೆ.

ಅಕ್ಕ ಸೆರಗು ಸರಿಮಾಡಿಕೊಂಡು ಅವನ ಕಡೆ ತಿರುಗಿದಳು. ದನಿ ಎತ್ತಲಿಲ್ಲ.

“ತನಗ ಗೊತ್ತಿಲ್ಲ ಅಂತ ಹೇಳಾಕ ಈಕಿ ಎರಡು ಬಸ್ಸು ಬದಲಿ ಮಾಡಿ ಬಂದಾಳ. ನೀ ಎಷ್ಟು ದೂರ ಬಂದೀಯೋ ಯಣ್ಣಾ?”